ಪೇರಾಂಬ್ರದ ಲಿನಿ ಸಿಸ್ಟರ್

ನಮ್ಮ ಶುಶ್ರೂಷಾ ಶಾಲೆಯ ಸ್ಮರಣ ಸಂಚಿಕೆಗೆ ಈ ವೃತ್ತಿಯ ಪೂರ್ವಿಕರಲ್ಲಿ ಒಬ್ಬರನ್ನು ಕುರಿತು ಬರೆಯಬೇಕೆಂದು ಸಂಪಾದಕರು ಕೇಳಿದಾಗ, ಅವರ ಮನಸ್ಸಿನಲ್ಲಿ ಫ್ಲಾರೆನ್ಸ್ ನೈಟಿಂಗೇಲರ ದೀಪವೇ ಇದ್ದಿರಬೇಕೆಂದು ನಾನು ಊಹಿಸಬಲ್ಲೆ; ಆದರೆ ಕ್ರಿಮಿಯಾ ಯುದ್ಧಕಾಲದ ಆ ದೀಪಕ್ಕೆ ಎಣ್ಣೆ ಎರೆಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ, ಮಂಗಳೂರಿನಲ್ಲಿ ರೈಲು ಹತ್ತಿದರೆ ನಾಲ್ಕೈದು ಗಂಟೆಗಳಲ್ಲಿ ತಲಪಬಹುದಾದ ಕಲ್ಲಿಕೋಟೆಯ ಜಿಲ್ಲೆಗೆ ಸೇರಿದ ಪೇರಾಂಬ್ರದ ತಾಲ್ಲೂಕು ಆಸ್ಪತ್ರೆಯಲ್ಲಿ ದುಡಿದು, 2018ನೆಯ ಇಸವಿ ಮೇ 21ರಂದು ತೀರಿಕೊಂಡ ಲಿನಿ ಪುದುಶ್ಶೇರಿಯನ್ನು ನೆನೆಯುವುದೇ ಉಚಿತವೆಂದು ನನಗೆ ತೋರಿತು. ವಯಸ್ಸಿನಲ್ಲಿ ಆಕೆ ನಮ್ಮ ವಿದ್ಯಾರ್ಥಿನಿಯರಿಗೆ ಅಕ್ಕನಂತಿದ್ದವಳು. ಪೂರ್ವಿಕಳೆನ್ನಲು ನಾಲಗೆ ತಡೆಯುತ್ತದೆ.

ಲಿನಿ ಅದೇ ಜಿಲ್ಲೆಯ ಚೆಂಬನೋಡದವಳು. ಪತಿ ಬಹರೈನಿನಲ್ಲಿ ಉದ್ಯೋಗಸ್ಥನಾಗಿದ್ದನು; ಮಕ್ಕಳಿಬ್ಬರು, ಒಬ್ಬನಿಗೆ 5 ವರ್ಷ, ಇನ್ನೊಬ್ಬನಿಗೆ 2. ಮನೆಯೊಡೆಯನು ಗಲ್ಫಿನಲ್ಲಿಯೂ ಗೃಹಿಣಿಯು ವಾರ್ಡಿನಲ್ಲಿಯೂ ಇರುವ ಇಂತಹ ಸಂಸಾರಗಳು ಮಲಬಾರಿನಲ್ಲಿ ಊರೂರಿಗೂ ಇವೆ. ನಮ್ಮ ಕನ್ನಡನಾಡಿನ ಶುಶ್ರೂಷಾ ಕಾಲೇಜುಗಳ ಹಾಸ್ಟೆಲುಗಳನ್ನು ತುಂಬಿದವರೂ, ರೋಗಿಗಳ ಬಾಯಿಂದಲೇ ಕನ್ನಡ ಕಲಿತು ಎರಡನೆಯ ವರ್ಷಕ್ಕೆಲ್ಲ ‘ನೋವುಂಟಾ ಅಜ್ಜಿ?’ ಎಂದು ಕೇಳುವವರೂ ಆ ಸೀಮೆಯ ಹೆಣ್ಣುಮಕ್ಕಳೇ ಅಲ್ಲವೆ! ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯ ಕನಿಷ್ಠ ಮಾಸಿಕ ವೇತನವು 20,000 ರೂಪಾಯಿಯೆಂದು ಸರ್ಕಾರವು ನಿಗದಿಪಡಿಸಿದ್ದು, ಎಷ್ಟೋ ಮುಷ್ಕರಗಳ ತರುವಾಯ, ಅದೇ 2018ರ ಏಪ್ರಿಲಿನಲ್ಲಿ. ಲಿನಿಯದು ಸರ್ಕಾರಿ ಆಸ್ಪತ್ರೆಯೇ ಆದರೂ ನೌಕರಿ ಮಾತ್ರ ಖಾಯಮ್ಮಿನದಾಗಿರಲಿಲ್ಲ.

ಆ ಮೇ ತಿಂಗಳ ಆರಂಭದಲ್ಲಿ ಸಮೀಪದ ಸೂಪಿಕ್ಕಡದ ತರುಣನೊಬ್ಬನು ಜ್ವರಪೀಡಿತನಾಗಿ ಪೇರಾಂಬ್ರದ ಆಸ್ಪತ್ರೆಗೆ ಬಂದನು. ಲಿನಿಯು ಅವನ ಆರೈಕೆ ಮಾಡಿದಳು. ಅವನ ರೋಗದ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಆರೈಕೆಯೆಂದರೆ ಏನೆಂಬುದನ್ನು ರಾತ್ರಿಪಾಳಿ ಮಾಡಿದವರಿಗೆ ಹೇಳಬೇಕಾಗಿಲ್ಲ: ವಾಂತಿ ಬರುವವನ ತಲೆಯನ್ನು ಒಂದು ಕೈಯಿಂದ ಎತ್ತಿ ಮತ್ತೊಂದು ಕೈಯಿಂದ ಬಾಯ ಬಳಿ ತಟ್ಟೆ ಹಿಡಿಯುವುದು, ಮುಖವೊರಸುವುದು, ಒದ್ದೆಯಾದ ಹಾಸುಬಟ್ಟೆಯನ್ನು ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ತೆಗೆಯುವುದು, ಅವನು ಕೆಮ್ಮಿದಾಗ ಅವನ ಉಸಿರಿನ ಅಂತರದಲ್ಲಿಯೇ ಬಾಗಿ ನಿಂತಿರುವುದು. ವೈದ್ಯನು ಮಂಚದ ಬಳಿ ನಿಲ್ಲುವುದು ನಿಮಿಷಗಳ ಲೆಕ್ಕದಲ್ಲಿ, ಶುಶ್ರೂಷಕಿ ನಿಲ್ಲುವುದು ಗಂಟೆಗಳ ಲೆಕ್ಕದಲ್ಲಿ. ದೇಹದ್ರವಗಳ ಮೂಲಕ ಹರಡುವ ವ್ಯಾಧಿಗೆ ಈ ವ್ಯತ್ಯಾಸವೇ ಸಾಕು. ಆ ತರುಣನು ಮೇ 5ರಂದು ಕಲ್ಲಿಕೋಟೆಯಲ್ಲಿ ಮೃತನಾದನು.

ಕೆಲವೇ ದಿನಗಳಲ್ಲಿ ಅವನ ಮನೆಯವರೂ ಒಬ್ಬೊಬ್ಬರಾಗಿ ಹಾಸಿಗೆ ಹಿಡಿಯಲು, ಕಲ್ಲಿಕೋಟೆಯ ವೈದ್ಯರು ಸಂಶಯಗೊಂಡು ಕಳುಹಿಸಿದ ಮಾದರಿಗಳನ್ನು ಮೊದಲು ಪರೀಕ್ಷಿಸಿದ್ದು ನಮ್ಮ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರವೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. 1998–99ರಲ್ಲಿ ಮಲೇಷಿಯದ ಹಂದಿಸಾಕಣೆಯ ಊರುಗಳಲ್ಲಿ ಪ್ರಕಟವಾಗಿ, ಅಲ್ಲಿನ ಒಂದು ಹಳ್ಳಿಯ ಹೆಸರನ್ನೇ ಹೊತ್ತ, ಹಣ್ಣು ತಿನ್ನುವ ಬಾವಲಿಗಳಲ್ಲಿ ನೆಲಸಿರುವ ನಿಪಾ ವೈರಾಣುವೇ ಇದೆಂದು ಮಣಿಪಾಲದಲ್ಲಿ ಕಂಡುಬಂದದ್ದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಮೇ 20ರಂದು ದೃಢಪಡಿಸಿತು. ಆ ತರುಣನಿಂದ ಸೋಂಕು ತಗಲಿ ತಾನೂ ಹಾಸಿಗೆ ಹಿಡಿದಿದ್ದ ಲಿನಿ ಮರುದಿನವೇ ಇಲ್ಲವಾದಳು. ಸೋಂಕಿನ ಭಯದಿಂದ ಶವವನ್ನು ಮನೆಗೆ ಒಯ್ಯದೆ ಕಲ್ಲಿಕೋಟೆಯಲ್ಲಿಯೇ ಒಡನೆ ದಹನ ಮಾಡಲಾಯಿತು. ಆ ಸಲದ ನಿಪಾ ಒಟ್ಟು 17 ಮಂದಿಯನ್ನು ಬಲಿ ತೆಗೆದುಕೊಂಡಿತು.

ರೋಗಶಯ್ಯೆಯಿಂದ ಆಕೆ ಪತಿಗೆ ಬರೆದ ಚೀಟಿಯೊಂದು ಆ ದಿನಗಳಲ್ಲಿ ಎಲ್ಲ ಪತ್ರಿಕೆಗಳಲ್ಲಿಯೂ ಅಚ್ಚಾಯಿತು. ಅದರಲ್ಲಿ ತ್ಯಾಗದ ಮಾತಾಗಲಿ, ವೃತ್ತಿಧರ್ಮದ ಮಾತಾಗಲಿ ಒಂದೂ ಇಲ್ಲ. ಇನ್ನು ನಿಮ್ಮನ್ನು ಕಾಣಲಾರೆನೆಂದೂ, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದೂ, ಚಿಕ್ಕವನನ್ನು ಒಮ್ಮೆ ಗಲ್ಫಿಗೆ ಕರೆದೊಯ್ಯಬೇಕೆಂದೂ ಬರೆದು, ಕೊನೆಯಲ್ಲಿ, ನಮ್ಮ ಅಪ್ಪನ ಹಾಗೆ ಒಂಟಿಯಾಗಕೂಡದೆಂಬ ಅರ್ಥದ ಮಾತೊಂದನ್ನು ಸೇರಿಸಿದ್ದಾಳೆ. ಒಂಟಿಯಾಗಕೂಡದವರು ಯಾರು? ಇಂಗ್ಲಿಷಿಗೆ ಅನುವಾದಿಸಿದ ಹಲವರು ಆ ಸ್ಥಳದಲ್ಲಿ ಮಕ್ಕಳನ್ನು ತಂದು ನಿಲ್ಲಿಸಿದರು. ಮಲಯಾಳದಲ್ಲಿಯೂ, ನಮ್ಮ ಕನ್ನಡದಲ್ಲಿರುವಂತೆಯೇ, ಕರ್ತೃಪದವಿಲ್ಲದೆ ವಾಕ್ಯವು ನಿಲ್ಲಬಲ್ಲುದು. ನಾನಾದರೋ ಅದನ್ನು ಗಂಡನಿಗೆ ಹೇಳಿದ ಮಾತೆಂದೇ ಓದಿಕೊಳ್ಳುತ್ತೇನೆ. ಪಾಳಿ ಮುಗಿಸಿ ಹೊರಡುವ ಸಿಸ್ಟರು ಮುಂದಿನ ಪಾಳಿಯವಳಿಗೆ ಯಾವ ಹಾಸಿಗೆಗೆ ಏನು ಬೇಕೆಂದು ಒಂದೊಂದಾಗಿ ಒಪ್ಪಿಸುವ ಕ್ರಮವೇ ಆ ಚೀಟಿಯಲ್ಲಿಯೂ ಇದೆ. ‘ದೇವತೆ’, ‘ಹುತಾತ್ಮೆ’ ಎಂಬ ಬಿರುದುಗಳನ್ನು ನಾನು ಇಲ್ಲಿ ಬಳಸದಿರುವುದಕ್ಕೆ ಈ ಚೀಟಿಯೇ ಕಾರಣ.

ಗೌರವಗಳೇನೋ ಬಂದವು. ಕೇರಳ ಸರ್ಕಾರವು ಉತ್ತಮ ಶುಶ್ರೂಷಕಿಗೆ ಕೊಡುವ ಪ್ರಶಸ್ತಿಗೆ ಲಿನಿಯ ಹೆಸರಿಟ್ಟಿತು. ಮಕ್ಕಳಿಬ್ಬರ ಹೆಸರಿನಲ್ಲಿಯೂ ತಲಾ 10 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಫ್ಲಾರೆನ್ಸ್ ನೈಟಿಂಗೇಲ್ ರಾಷ್ಟ್ರೀಯ ಪ್ರಶಸ್ತಿಯೂ ಮರಣೋತ್ತರವಾಗಿ ಸಂದಿತು. ಹೀಗೆ ಸಂಪಾದಕರ ದೀಪವು ನಾನು ಬಿಟ್ಟರೂ ನನ್ನ ಲೇಖನವನ್ನು ಬಿಡಲಿಲ್ಲ. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ: ಬದುಕಿರುವಾಗ ಲಿನಿಗೆ ದೊರೆಯದಿದ್ದ ಸರ್ಕಾರದ ಖಾಯಂ ನೌಕರಿ ಆಕೆಯ ಪತಿಗೆ ಆರೋಗ್ಯ ಇಲಾಖೆಯಲ್ಲಿಯೇ ದೊರೆಯಿತು; ಚಿಕ್ಕವನು ಗಲ್ಫಿಗೆ ಹೋಗುವುದರ ಬದಲು, ತಂದೆಯೇ ಗಲ್ಫನ್ನು ಬಿಟ್ಟು ಮಕ್ಕಳಿದ್ದಲ್ಲಿಗೆ ಬಂದನು.