ಪ್ರಕೃತಿಕೋಪವೂ ರಾಜ್ಯನಾಶವೂ

ಒಂದು ಹಗಲು, ಒಂದು ಇರುಳು, ಇಷ್ಟರೊಳಗೆ ಅಟ್ಲಾಂಟಿಸ್ ಎಂಬ ಮಹಾರಾಜ್ಯವು ಸಮುದ್ರದಲ್ಲಿ ಮುಳುಗಿಹೋಯಿತೆಂದು ಗ್ರೀಕ್ ತತ್ತ್ವಜ್ಞಾನಿಯಾದ ಪ್ಲೇಟೋ ಬರೆದನು. ಅಂದಿನಿಂದ ಕಥೆಗಾರರಿಗೆ ಈ ಕಲ್ಪನೆಯು ಬಲು ಪ್ರಿಯವಾದುದು. ಭೂಮಿ ನಡುಗುತ್ತದೆ, ಕಡಲು ಉಕ್ಕುತ್ತದೆ. ಮರುದಿನ ದೊರೆಯಿಲ್ಲ, ನ್ಯಾಯಸ್ಥಾನವಿಲ್ಲ, ರಾಷ್ಟ್ರವೇ ಇಲ್ಲ. 1973ರಲ್ಲಿ ಕೊಮಾತ್ಸು ಸಾಕ್ಯೋ ಎಂಬವರು ಒಂದು ಕಾದಂಬರಿಯಲ್ಲಿ ಜಪಾನು ದೇಶವನ್ನೇ ಮುಳುಗಿಸಿಬಿಟ್ಟರು. ಇಂಥ ಕಥೆಗಳನ್ನು ಚರಿತ್ರೆಯು ಎಷ್ಟರಮಟ್ಟಿಗೆ ಅನುಮೋದಿಸುತ್ತದೆಂಬುದನ್ನು ಶ್ರೋತೃಗಳು ನನ್ನೊಡನೆ ವಿಚಾರಮಾಡಬೇಕೆಂದು ಕೋರುತ್ತೇನೆ.

ಮೊದಲು ಕ್ರೀಟ್ ದ್ವೀಪವನ್ನು ನೋಡೋಣ. ಸಮೀಪದ ಥೇರಾ ಜ್ವಾಲಾಮುಖಿಯು ಸಿಡಿದುದೇ ಅಲ್ಲಿನ ನಾಗರಿಕತೆಯ ಅವಸಾನಕ್ಕೆ ಕಾರಣವೆಂದು 1939ರಲ್ಲಿ ಪ್ರಾಕ್ತನ ವಿಮರ್ಶಕರಾದ ಮಾರಿನಾಟೋಸ್ ಸೂಚಿಸಿದರು. ಆದರೆ ಅಲ್ಲಿನ ಕುಂಬಾರರು ಹೊಸ ಶೈಲಿಯ ಮಡಕೆಗಳನ್ನು ಮಾಡಿದುದು ಆ ಸ್ಫೋಟವು ಕಳೆದ ಮೇಲೆ. ಅರಮನೆಗಳು ಸುಟ್ಟುಹೋದುದು ಇನ್ನೂ ಕೆಲವು ದಶಕಗಳಾದ ಮೇಲೆ. ಬೂದಿಯು ಬಿದ್ದ ದಿನವೇ ರಾಜ್ಯವು ಬೀಳಲಿಲ್ಲ.

ಪೋರ್ತುಗಲ್ಲಿನ ಉದಾಹರಣೆಯು ಇನ್ನೂ ಸ್ಪಷ್ಟವಾಗಿದೆ. 1755ನೆಯ ನವೆಂಬರ್ 1ರಂದು ಲಿಸ್ಬನ್ ನಗರವು ಭೂಕಂಪ, ಸಮುದ್ರದ ತೆರೆ, ಬೆಂಕಿ ಈ ಮೂರಕ್ಕೂ ಒಟ್ಟಿಗೆ ತುತ್ತಾಯಿತು. ಸತ್ತವರು ಹತ್ತಾರು ಸಾವಿರ. ಆದರೂ ದೊರೆಯು ಬದುಕಿದ್ದನು. ಮಂತ್ರಿ ಕಾರ್ವಾಲ್ಯೋ ಧೃತಿಗೆಡಲಿಲ್ಲ. ಶವಗಳನ್ನು ಕಡಲಿಗೆ ಸಾಗಿಸಿದರು. ಲೂಟಿಗಾರರಿಗೆ ಗಲ್ಲುಗಂಬಗಳು ಎದ್ದುವು. ಧಾನ್ಯದ ಬೆಲೆ ಏರದಂತೆ ಕಟ್ಟುಮಾಡಿದರು. ಬ್ರೆಜಿಲಿನ ಸಂಪತ್ತೂ ಬೆನ್ನಿಗಿತ್ತು. ರಾಜಧಾನಿಯು ನೆಲಸಮವಾದರೂ ರಾಜ್ಯವು ನಿಂತಿತು.

ಹಾಗಾದರೆ ಈ ಕಥೆಗಳೆಲ್ಲ ಬರಿಯ ಭ್ರಮೆಯೆ? ಅಲ್ಲ. 1970ನೆಯ ನವೆಂಬರ್ 12ರ ರಾತ್ರಿ ಚಂಡಮಾರುತವೊಂದು ಪೂರ್ವ ಪಾಕಿಸ್ತಾನದ ಕರಾವಳಿಯನ್ನು ಹೊಡೆಯಿತು. ಮೂರರಿಂದ ಐದು ಲಕ್ಷ ಜನ ಮಡಿದರೆಂದು ಅಂದಾಜು. ಪರಿಹಾರಕಾರ್ಯದಲ್ಲಿ ಸರಕಾರವು ತೋರಿದ ಔದಾಸೀನ್ಯದಿಂದ ಜನರ ಮನಸ್ಸು ಕುದಿಯಿತು. ಡಿಸೆಂಬರಿನ ಚುನಾವಣೆಯಲ್ಲಿ ಅವಾಮಿ ಲೀಗ್ ಪಕ್ಷವು ಆ ಪ್ರಾಂತ್ಯದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಗೆದ್ದಿತು. ಆ ತೀರ್ಪನ್ನು ಸೇನಾಧಿಪತಿಗಳು ಮನ್ನಿಸದೆ ಹೋದರು. 1971ರಲ್ಲಿ ರಕ್ತಪಾತವಾಗಿ ಬಾಂಗ್ಲಾದೇಶವು ಹುಟ್ಟಿತು. ಆದರೆ 1952ರ ಭಾಷಾ ಚಳವಳಿಯಿಂದಲೂ ಅಸಮಾಧಾನವು ಬೇರೂರಿದ್ದಿತು. ಚಂಡಮಾರುತವು ಆ ಬಿರುಕನ್ನು ಉಂಟುಮಾಡಲಿಲ್ಲ, ಅಗಲಮಾಡಿತು.

ಆದುದರಿಂದ ಇಂಥ ಕಾದಂಬರಿಯನ್ನು ಓದುವಾಗ ನಾವು ಕೇಳಬೇಕಾದುದು ಅಲೆಯು ಎಷ್ಟು ಎತ್ತರವಾಗಿತ್ತೆಂಬುದನ್ನಲ್ಲ. ಹಿಂದಿನ ದಿನ ಕಣಜದಲ್ಲಿ ಕಾಳೆಷ್ಟಿತ್ತು? ಅಧಿಕಾರಿಗಳ ಮಾತನ್ನು ಜನ ನಂಬುತ್ತಿದ್ದರೆ? ರಾಜಧಾನಿಯು ಹಾಳಾದರೆ ಆಜ್ಞೆ ಕೊಡಲು ಇನ್ನೊಂದು ಊರಿತ್ತೆ? ಇವಕ್ಕೆ ಉತ್ತರವಿಟ್ಟುಕೊಂಡು ರಾಷ್ಟ್ರವನ್ನು ಕೆಡವುವ ಲೇಖಕನನ್ನು ನಂಬಬಹುದು. ಎಲ್ಲ ಹೊಣೆಯನ್ನೂ ಪ್ರಕೃತಿಯ ಮೇಲೆ ಹೊರಿಸುವವನು ಕಥೆಯನ್ನು ಸಡಿಲಗೊಳಿಸುವುದಷ್ಟೇ ಅಲ್ಲ, ಉತ್ತರ ಹೇಳಬೇಕಾದ ಆಳುವವರನ್ನೂ ವಿಚಾರಣೆಯಿಲ್ಲದೆ ಬಿಟ್ಟುಬಿಡುತ್ತಾನೆ.