ಹೈ-ಪವರ್ ರಾಕೆಟ್ ಉಡಾವಣೆ

ಹವ್ಯಾಸಿಗಳು ಮತ್ತು ವಿದ್ಯಾರ್ಥಿಗಳು ತಾವೇ ಕಟ್ಟಿದ ದೊಡ್ಡ ರಾಕೆಟ್‌ಗಳನ್ನು ಹಾರಿಸಿ, ಪ್ಯಾರಾಚೂಟ್‌ನ ನೆರವಿನಿಂದ ಮತ್ತೆ ನೆಲಕ್ಕಿಳಿಸಿಕೊಳ್ಳುವ ಚಟುವಟಿಕೆ. ಇದರಲ್ಲಿ ಬಳಸುವ ಮೋಟಾರುಗಳು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾಗಿ ಪರೀಕ್ಷೆಗೆ ಒಳಪಟ್ಟವು. ಹೆಚ್ಚಿನವುಗಳ ಇಂಧನ ಅಮೋನಿಯಂ ಪರ್‌ಕ್ಲೋರೇಟ್ ಬೆರೆತ ಘನ ಮಿಶ್ರಣ. ಸಾಮಾನ್ಯವಾಗಿ ಕ್ಲಬ್ಬುಗಳು ನಿಗದಿತ ದಿನ, ನಿಗದಿತ ಬಯಲಿನಲ್ಲಿ, ಸುರಕ್ಷತಾ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಉಡಾವಣೆ ನಡೆಸುತ್ತವೆ. ಅಮೆರಿಕದಲ್ಲಿ 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ಸಂಹಿತೆ ಈ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಮುಂದೆ ಕೊಟ್ಟಿರುವ ಅಂತರಗಳು ಅದನ್ನು ಆಧರಿಸಿವೆ.

ಹಿನ್ನೆಲೆ

ಕರ್ನಾಟಕಕ್ಕೆ ರಾಕೆಟ್ ಹೊಸದಲ್ಲ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಬಳಸಿದ ಕಬ್ಬಿಣದ ಕೊಳವೆಯ ರಾಕೆಟ್‌ಗಳು 1780ರ ಪೊಲ್ಲಿಲೂರು ಯುದ್ಧದಲ್ಲಿ ಹೆಸರಾದವು. ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ರಾಕೆಟ್‌ಗಳನ್ನು ರೂಪಿಸಲು ಇವೇ ಪ್ರೇರಣೆ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಯುದ್ಧದ ರಾಕೆಟ್ ಶತ್ರುವಿನತ್ತ ಹೋದರೆ ಸಾಕಿತ್ತು, ಮರಳಿ ಬರಬೇಕಾಗಿರಲಿಲ್ಲ. ಹವ್ಯಾಸಿ ರಾಕೆಟ್ ಯಾರತ್ತಲೂ ಹೋಗಬಾರದು, ಇಡಿಯಾಗಿ ಮರಳಿಯೂ ಬರಬೇಕು. ಉಡಾವಣಾ ದಿನದ ಸಿದ್ಧತೆಯೆಲ್ಲ ಈ ಎರಡು ಗುರಿಗಳಿಗಾಗಿ. ಇಂದು ರಾಜ್ಯದಲ್ಲಿ ರಾಕೆಟ್ ಕಟ್ಟಿ ಹಾರಿಸುವ ಕೆಲಸ ಹೆಚ್ಚಾಗಿ ಎಂಜಿನಿಯರಿಂಗ್ ವಿದ್ಯಾರ್ಥಿಗಳದು. ಮಣಿಪಾಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ‘ಥ್ರಸ್ಟ್‌ಎಂಐಟಿ’ ತಂಡ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ನಡೆಯುತ್ತಿದ್ದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಯಲ್ಲಿ ಭಾಗವಹಿಸಿದೆ.

ಮೋಟಾರುಗಳ ವರ್ಗ

ಮೋಟಾರಿನ ಒಟ್ಟು ಆವೇಗವನ್ನು ನ್ಯೂಟನ್-ಸೆಕೆಂಡ್‌ನಲ್ಲಿ ಅಳೆದು ಇಂಗ್ಲಿಷ್ ಅಕ್ಷರದಿಂದ ಗುರುತಿಸುತ್ತಾರೆ. ಒಂದೊಂದು ಅಕ್ಷರ ಮುಂದಕ್ಕೆ ಹೋದಂತೆ ಗರಿಷ್ಠ ಮಿತಿ ಇಮ್ಮಡಿಯಾಗುತ್ತದೆ. 160 ನ್ಯೂಟನ್-ಸೆಕೆಂಡ್ ಮೀರಿದರೆ ಅದು ಹೈ-ಪವರ್. ಎಚ್ ಮತ್ತು ಐ ಮೊದಲ ಹಂತ, ಜೆ, ಕೆ, ಎಲ್ ಎರಡನೆಯದು, ಎಂ, ಎನ್, ಓ ಮೂರನೆಯದು. ಪ್ರತಿ ಹಂತಕ್ಕೂ ಹಾರಿಸುವವರು ಪ್ರತ್ಯೇಕ ಅರ್ಹತೆ ಪಡೆಯಬೇಕು. ಎರಡನೆಯ ಹಂತಕ್ಕೆ ಲಿಖಿತ ಪರೀಕ್ಷೆಯೂ ಇದೆ.

ಅಕ್ಷರದ ಮುಂದಿನ ಅಂಕಿ ಸರಾಸರಿ ನೂಕುಬಲವನ್ನು ನ್ಯೂಟನ್‌ನಲ್ಲಿ ಹೇಳುತ್ತದೆ. ರಾಕೆಟ್‌ನ ತೂಕ ಈ ಬಲದ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ‘ಜೆ350’ ಮೋಟಾರಿನಿಂದ ಹೆಚ್ಚೆಂದರೆ ಸುಮಾರು 11.9 ಕೆ.ಜಿ.ಯ ರಾಕೆಟ್ ಹಾರಿಸಬಹುದು. ಅದಕ್ಕಿಂತ ಭಾರವಾದರೆ ರಾಕೆಟ್ ದಾರಿ ತೋರುವ ಉಡಾವಣಾ ಕಂಬಿಯನ್ನು ಬಿಡುವ ಹೊತ್ತಿಗೆ ಸಾಕಷ್ಟು ವೇಗ ಪಡೆಯದೆ, ರೆಕ್ಕೆಗಳ ಹಿಡಿತ ಸಿಗದೆ ಅಡ್ಡದಾರಿ ಹಿಡಿಯುವ ಅಪಾಯವಿದೆ.

ಬಯಲಿನ ಆಯ್ಕೆ

ಬಯಲಿನ ಕಿರಿದಾದ ಬದಿ ಅಲ್ಲಿ ಅನುಮತಿಸಿದ ಗರಿಷ್ಠ ಎತ್ತರದ ಅರ್ಧದಷ್ಟಾದರೂ ಇರಬೇಕು. ಯಾವ ಸಂದರ್ಭದಲ್ಲೂ ಅದು ಸುಮಾರು 457 ಮೀಟರಿಗಿಂತ ಕಡಿಮೆ ಇರಬಾರದು. ಜನವಸತಿಯ ಕಟ್ಟಡ ಮತ್ತು ವಾಹನ ಸಂಚಾರದ ರಸ್ತೆಗಳಿಂದಲೂ ಉಡಾವಣಾ ಕಂಬಿ ಕನಿಷ್ಠ 457 ಮೀಟರ್ ದೂರವಿರಬೇಕು. ಕಂಬಿಯ ಸುತ್ತ ಒಣಹುಲ್ಲು, ಕಸ ತೆಗೆದ ಬೋಳು ನೆಲ ಇರಬೇಕು. ಅದರ ವ್ಯಾಸ ಜೆ ವರ್ಗದವರೆಗೆ 15 ಮೀಟರ್, ಎಂ ವರ್ಗಕ್ಕೆ 38 ಮೀಟರ್.

ಬಯಲು ಕಣ್ಣಿಗೆ ತೆರೆದು ಕಂಡ ಮಾತ್ರಕ್ಕೆ ಯೋಗ್ಯವಾಗುವುದಿಲ್ಲ. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಸೀಮೆಯನ್ನು ಉದಾಹರಣೆಯಾಗಿ ನೋಡಬಹುದು. ಎರೆ ಮತ್ತು ಮಸಾರಿ ಹೊಲಗಳ ಈ ಸೀಮೆಯಲ್ಲಿ ಹಿಂಗಾರು ಜೋಳದ ಕೊಯ್ಲಾದ ಮೇಲೆ ನೆಲ ತೆರವಾಗುತ್ತದೆ. ಆದರೆ ಆಗಲೇ ಸೊಪ್ಪೆಯ ಬಣವೆಗಳೂ ಕಣಗಳೂ ಹೊಲದಲ್ಲಿರುತ್ತವೆ, ಒಂದು ಕಿಡಿ ಸಾಕು. ಜೂನ್‌ನಿಂದ ಮುಂಗಾರಿನ ಗಾಳಿ ಬಿರುಸಾಗುತ್ತದೆ. ಒಂದು ಕಡೆ ತುಂಗಭದ್ರಾ ಜಲಾಶಯದ ಹಿನ್ನೀರು, ಅದೇ ತಾಲ್ಲೂಕಿನಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಅಂಕಸಮುದ್ರದ ಪಕ್ಷಿಗಳ ತಾಣ, ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣ. ಇಂಥಲ್ಲಿ ಬಯಲಿನ ನಕ್ಷೆಯನ್ನು ಬದುಗಳಾಚೆಗೂ, ಆಕಾಶದವರೆಗೂ ಹಿಗ್ಗಿಸಿ ಓದಬೇಕಾಗುತ್ತದೆ. ಹೊಲದ ಒಡೆಯರ ಒಪ್ಪಿಗೆ ಮತ್ತು ಊರಿನವರಿಗೆ ಮುನ್ಸೂಚನೆ ಸಿದ್ಧತೆಯ ಮೊದಲ ಕೆಲಸಗಳು. ಇಲ್ಲದಿದ್ದರೆ ದನ ಮೇಯಿಸುವವರು ರಾಕೆಟ್ ಇಳಿಯುವ ಜಾಗದಲ್ಲೇ ಇರಬಹುದು.

ಗಾಳಿ ಮತ್ತು ಇಳಿಕೆ

ಗಾಳಿಯ ವೇಗ ಗಂಟೆಗೆ 32 ಕಿ.ಮೀ. ಮೀರಿದರೆ ಉಡಾವಣೆ ಇಲ್ಲ. ಅದಕ್ಕಿಂತ ಕಡಿಮೆ ಇದ್ದರೂ ರಾಕೆಟ್ ಎಷ್ಟು ದೂರ ತೇಲೀತು ಎಂಬ ಲೆಕ್ಕ ಬೇಕು. 900 ಮೀಟರ್ ಎತ್ತರದಲ್ಲಿ ದೊಡ್ಡ ಪ್ಯಾರಾಚೂಟ್ ಬಿಚ್ಚಿಕೊಂಡು ಸೆಕೆಂಡಿಗೆ 6 ಮೀಟರ್‌ನಂತೆ ಇಳಿದರೆ ನೆಲ ಮುಟ್ಟಲು 150 ಸೆಕೆಂಡ್ ಬೇಕು. ಸೆಕೆಂಡಿಗೆ 5 ಮೀಟರ್ ಗಾಳಿಯಿದ್ದರೆ ಅಷ್ಟರಲ್ಲಿ ಅದು 750 ಮೀಟರ್ ತೇಲಿರುತ್ತದೆ. ಅದರ ಬದಲು ಏರಿಕೆಯ ತುದಿಯಲ್ಲಿ ಕಿರು ಪ್ಯಾರಾಚೂಟ್ ಮಾತ್ರ ಬಿಚ್ಚಿ, ಸೆಕೆಂಡಿಗೆ 20 ಮೀಟರ್‌ನಂತೆ ಇಳಿಸಿ, 200 ಮೀಟರ್ ಎತ್ತರದಲ್ಲಿ ದೊಡ್ಡದನ್ನು ಬಿಚ್ಚಿದರೆ ತೇಲುವ ದೂರ ಸುಮಾರು 340 ಮೀಟರಿಗೆ ಇಳಿಯುತ್ತದೆ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಆಲ್ಟಿಮೀಟರ್ ಈ ಎರಡು ಹಂತದ ಬಿಡುಗಡೆಯನ್ನು ನಿಯಂತ್ರಿಸುತ್ತದೆ.

ರಾಕೆಟ್ ತಪಾಸಣೆ

ಗುರುತ್ವ ಕೇಂದ್ರವು ಒತ್ತಡ ಕೇಂದ್ರಕ್ಕಿಂತ ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು ಮುಂದಿರಬೇಕು ಎಂಬುದು ರೂಢಿಯ ಅಳತೆ. ಇಂಧನ ತುಂಬಿದ ಮೋಟಾರು ಹಿಂಭಾರ ಕೊಡುವುದರಿಂದ, ಅದನ್ನು ಕೂರಿಸಿದ ಮೇಲೆ ರಾಕೆಟ್‌ನ್ನು ಹಗ್ಗದಲ್ಲಿ ತೂಗಿಸಿ ಸಮತೋಲದ ಬಿಂದು ನೋಡುತ್ತಾರೆ. ಪ್ಯಾರಾಚೂಟನ್ನು ಹೊರದೂಡುವ ಕಪ್ಪುಮದ್ದಿನ ಪ್ರಮಾಣವನ್ನು ಮೊದಲೇ ನೆಲದ ಮೇಲೆ ಪರೀಕ್ಷಿಸಿರಬೇಕು. ಮದ್ದು ಕಡಿಮೆಯಾದರೆ ಮುಂತುದಿಯ ಶಂಕು ಬಿಚ್ಚುವುದಿಲ್ಲ, ಹೆಚ್ಚಾದರೆ ಕೊಳವೆ ಸೀಳುತ್ತದೆ. ರೆಕ್ಕೆಗಳ ಬೆಸುಗೆ, ಹಗ್ಗದ ಗಂಟು, ಬ್ಯಾಟರಿಯ ವೋಲ್ಟೇಜ್ ನೋಡಿ ಸುರಕ್ಷತಾ ಅಧಿಕಾರಿ ಸಹಿ ಹಾಕಿದ ಮೇಲಷ್ಟೇ ರಾಕೆಟ್ ಕಂಬಿಯ ಬಳಿಗೆ ಹೋಗುತ್ತದೆ.

ಉಡಾವಣೆಯ ಕ್ರಮ

ರಾಕೆಟ್ ನೆಟ್ಟಗೆ ನಿಲ್ಲುವವರೆಗೆ ಆಲ್ಟಿಮೀಟರ್‌ನ ಮದ್ದಿನ ಸಂಪರ್ಕಕ್ಕೆ ವಿದ್ಯುತ್ ಕೊಡುವಂತಿಲ್ಲ. ಕಂಬಿ ಲಂಬರೇಖೆಯಿಂದ 20 ಡಿಗ್ರಿಗಿಂತ ಹೆಚ್ಚು ವಾಲಬಾರದು. ಕಿಡಿಹೊತ್ತಿಸುವ ಇಗ್ನೈಟರ್‌ನ ತಂತಿ ಕೂಡಿಸುವುದು ಕೊನೆಯ ಕೆಲಸ. ಬಳಿಕ ಎಲ್ಲರೂ ಹಿಂದೆ ಸರಿಯಬೇಕು. ಒಂದೇ ಮೋಟಾರಿನ ರಾಕೆಟ್‌ಗೆ ಜೆ ವರ್ಗದವರೆಗೆ ಕನಿಷ್ಠ 30 ಮೀಟರ್, ಕೆ ವರ್ಗಕ್ಕೆ 61, ಎಲ್ ವರ್ಗಕ್ಕೆ 91, ಎಂ ವರ್ಗಕ್ಕೆ 152 ಮೀಟರ್ ಅಂತರ ಬೇಕು. ಹಲವು ಮೋಟಾರು ಅಥವಾ ಹಂತಗಳಿದ್ದರೆ ಅಂತರ ಇನ್ನೂ ಹೆಚ್ಚು. ಆಕಾಶ ಖಾಲಿಯಿದೆ, ಮೋಡ ಅಡ್ಡವಿಲ್ಲ ಎಂದು ಖಚಿತಪಡಿಸಿಕೊಂಡು, ಕನಿಷ್ಠ ಐದು ಸೆಕೆಂಡಿನ ಇಳಿಯೆಣಿಕೆಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಗುಂಡಿ ಒತ್ತುತ್ತಾರೆ.

ಮೋಟಾರು ಹೊತ್ತಿಕೊಳ್ಳದಿದ್ದರೆ ಕೀಲಿ ತೆಗೆದು ಅಥವಾ ಬ್ಯಾಟರಿ ಕಳಚಿ, 60 ಸೆಕೆಂಡ್ ಕಾದ ಬಳಿಕವೇ ಹತ್ತಿರ ಹೋಗಬೇಕು. ಪ್ಯಾರಾಚೂಟ್ ಬಿಚ್ಚದೆ ರಾಕೆಟ್ ತಲೆಕೆಳಗಾಗಿ ಬರುತ್ತಿದ್ದರೆ ಎಲ್ಲರೂ ಎದ್ದು ನಿಂತು ಅದರತ್ತ ಕಣ್ಣಿಡಬೇಕು. ಇಳಿದ ರಾಕೆಟ್‌ನಲ್ಲಿ ಉರಿಯದ ಮದ್ದು ಉಳಿದಿರಬಹುದಾದ್ದರಿಂದ, ಮೊದಲು ವಿದ್ಯುತ್ ಸಂಪರ್ಕ ಕಡಿದು ಆಮೇಲೆ ಎತ್ತಿಕೊಳ್ಳುತ್ತಾರೆ. ವಿದ್ಯುತ್ ತಂತಿಗೆ ಸಿಕ್ಕಿಬಿದ್ದ ರಾಕೆಟ್‌ನ್ನು ಮುಟ್ಟಬಾರದು.

ಭಾರತದಲ್ಲಿ ಕಾನೂನು

ರಾಕೆಟ್‌ನ ಇಂಧನ ಮತ್ತು ಮದ್ದು 1884ರ ಸ್ಫೋಟಕಗಳ ಕಾಯ್ದೆ ಹಾಗೂ 2008ರ ಸ್ಫೋಟಕಗಳ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಇವುಗಳ ಪಾಲನೆಯ ಹೊಣೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯದು. ಮನೆಯಲ್ಲಿ ಇಂಧನ ಬೆರೆಸುವುದು ಅಪಾಯಕಾರಿ, ಪರವಾನಗಿಯಿಲ್ಲದೆ ಅಪರಾಧವೂ ಹೌದು. ಜಿಲ್ಲಾಡಳಿತ, ಪೊಲೀಸ್ ಮತ್ತು ವಾಯುಮಾರ್ಗ ನಿಯಂತ್ರಣದ ಒಪ್ಪಿಗೆ ಇಲ್ಲದೆ ದೊಡ್ಡ ರಾಕೆಟ್ ಹಾರಿಸಲಾಗದು. ಬಾಹ್ಯಾಕಾಶ ಇಲಾಖೆಯ ಇನ್-ಸ್ಪೇಸ್ ಸಂಸ್ಥೆ 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆ ನಡೆಸಿತು. ಆಸಕ್ತ ಶಾಲಾ ಕಾಲೇಜುಗಳಿಗೆ ಇಂಥ ಸಂಘಟಿತ ಉಡಾವಣೆಗಳಲ್ಲಿ ಪಾಲ್ಗೊಳ್ಳುವುದೇ ಸುರಕ್ಷಿತ ಆರಂಭ.