ಡೊಮೇನ್ ಹೆಸರಿನ ದೋಷದಿಂದಾಗುವ ಇಮೇಲ್ ವಿತರಣಾ ವೈಫಲ್ಯ

ಡೊಮೇನ್ ಹೆಸರಿನ ದೋಷದಿಂದಾಗುವ ಇಮೇಲ್ ವಿತರಣಾ ವೈಫಲ್ಯ ಎಂದರೆ, ಇಮೇಲ್ ವಿಳಾಸದಲ್ಲಿರುವ ಡೊಮೇನಿನ ವಿವರ ದೊರೆಯದ ಕಾರಣ ಸಂದೇಶವು ಗುರಿ ಮುಟ್ಟದೆ ಉಳಿಯುವುದು. ಇಂತಹ ಸಂದೇಶವು ಕೆಲವೊಮ್ಮೆ ಕೂಡಲೇ ಹಿಂದಿರುಗುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಸರದಿಯಲ್ಲಿ ನಿಲ್ಲುತ್ತದೆ. ಅರ್ಜಿ ಸಲ್ಲಿಕೆಗೆ ಕೊನೆಯ ದಿನಾಂಕವಿದ್ದಾಗ ಈ ವ್ಯತ್ಯಾಸವನ್ನು ಅರಿತಿರುವುದು ಅಗತ್ಯ.

ಕಾರ್ಯವಿಧಾನ

ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರದ ಭಾಗವೇ ಡೊಮೇನ್ ಹೆಸರು. ಹೆಸರುಗಳಿಗೆ ಸರಿಯಾದ ಐಪಿ ವಿಳಾಸಗಳನ್ನು ಒದಗಿಸುವ ಡೊಮೇನ್ ನೇಮ್ ಸಿಸ್ಟಮ್ ಅಥವಾ ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ ಅವರು 1983ರಲ್ಲಿ ರೂಪಿಸಿದರು. ಕಳುಹಿಸುವ ಸರ್ವರ್ ಮೊದಲು ಡೊಮೇನಿನ ಎಂಎಕ್ಸ್ ದಾಖಲೆಯನ್ನು ಕೇಳುತ್ತದೆ. ಸಂದೇಶವನ್ನು ಸ್ವೀಕರಿಸುವ ಸರ್ವರ್ ಯಾವುದೆಂದು ಅದರಿಂದ ತಿಳಿಯುತ್ತದೆ. ಬಳಿಕ ಆ ಸರ್ವರಿನ ಐಪಿ ವಿಳಾಸವನ್ನು ಪಡೆದು ಸಂಪರ್ಕಿಸುತ್ತದೆ. ಎಂಎಕ್ಸ್ ದಾಖಲೆ ಇಲ್ಲದಿದ್ದರೆ ಡೊಮೇನಿನದೇ ಐಪಿ ವಿಳಾಸಕ್ಕೆ ಪ್ರಯತ್ನ ನಡೆಯುತ್ತದೆ.

ವೈಫಲ್ಯದ ಬಗೆಗಳು

• ಹೆಸರು ಇಲ್ಲದಿರುವುದು: ಅಂತಹ ಡೊಮೇನ್ ಅಸ್ತಿತ್ವದಲ್ಲಿಲ್ಲ ಎಂಬುದನ್ನು ಡಿಎನ್‌ಎಸ್ 'ಎನ್‌ಎಕ್ಸ್‌ಡೊಮೇನ್' ಎಂಬ ಉತ್ತರದಿಂದ ತಿಳಿಸುತ್ತದೆ. ಇದು ಶಾಶ್ವತ ವೈಫಲ್ಯ. ಸಾಮಾನ್ಯವಾಗಿ ಇದರ ದೋಷಸಂಖ್ಯೆ 5ರಿಂದ ಆರಂಭವಾಗುತ್ತದೆ.
• ಉತ್ತರ ಬಾರದಿರುವುದು: ಡಿಎನ್‌ಎಸ್ ಸರ್ವರ್ ಕೆಟ್ಟಿರಬಹುದು ಅಥವಾ ಸಂಪರ್ಕಕ್ಕೆ ಸಿಗದಿರಬಹುದು. ಇದು ತಾತ್ಕಾಲಿಕ ವೈಫಲ್ಯ. ದೋಷಸಂಖ್ಯೆ 4ರಿಂದ ಆರಂಭವಾಗುತ್ತದೆ. ಕನಿಷ್ಠ 4–5 ದಿನ ಮರುಪ್ರಯತ್ನ ನಡೆಯಬೇಕೆಂದು ಆರ್‌ಎಫ್‌ಸಿ 5321 ಎಂಬ ಮಾನದಂಡವು ಹೇಳುತ್ತದೆ.
• ದಾಖಲೆ ತಪ್ಪಾಗಿರುವುದು: ಸರ್ವರ್ ಬದಲಾದರೂ ಎಂಎಕ್ಸ್ ದಾಖಲೆಯು ಹಳೆಯದನ್ನೇ ತೋರಿಸುತ್ತಿರುತ್ತದೆ.
• ಕಳುಹಿಸುವವರ ಡೊಮೇನಿನ ದೋಷ: ಎಸ್‌ಪಿಎಫ್ ದಾಖಲೆ ಸರಿಯಿಲ್ಲದಿದ್ದರೆ ಸ್ವೀಕರಿಸುವ ಸರ್ವರ್ ಸಂದೇಶವನ್ನು ನಿರಾಕರಿಸಬಹುದು.

ಊರ ಹೆಸರು ಮತ್ತು ಕಾಗುಣಿತ

ಊರ ಹೆಸರುಳ್ಳ ಡೊಮೇನ್‌ಗಳಲ್ಲಿ ರೋಮನ್ ಕಾಗುಣಿತವು ತೊಡಕಾಗುತ್ತದೆ. ಬೆಳಗಾವಿ ಜಿಲ್ಲೆಯ ಮೂಡಲಗಿಯ ಮೊದಲ ಸ್ವರವನ್ನು ಒಂದು 'ಯು' ಅಕ್ಷರದಿಂದಲೂ ಎರಡು 'ಓ' ಅಕ್ಷರಗಳಿಂದಲೂ ಬರೆಯಬಹುದು. ಗೋಕಾಕದ ಕೊನೆಯಲ್ಲಿ 'ಎ' ಸೇರಿಸಿದರೆ ಅಥವಾ ಹುಕ್ಕೇರಿಯ ಒಂದು 'ಕೆ' ಬಿಟ್ಟುಹೋದರೆ ಅದು ಬೇರೆಯೇ ಡೊಮೇನ್ ಆಗುತ್ತದೆ. ಡಿಎನ್‌ಎಸ್ ಉಚ್ಚಾರಣೆಯನ್ನು ಗಮನಿಸುವುದಿಲ್ಲ, ಅಕ್ಷರಗಳನ್ನಷ್ಟೇ ಹೋಲಿಸುತ್ತದೆ. ಬೆಳಗಾವಿಯ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಹೀಗೆ ಹೆಸರು ಬದಲಾದಾಗ ಹೊಸ ಡೊಮೇನ್ ಪಡೆಯುವ ಸಂಸ್ಥೆಯು ಹಳೆಯದನ್ನೂ ನವೀಕರಿಸುತ್ತಿರಬೇಕು. ಅವಧಿ ಮೀರಿದ ಡೊಮೇನನ್ನು ಬೇರೆಯವರು ನೋಂದಾಯಿಸಿಕೊಂಡರೆ, ಹಳೆಯ ವಿಳಾಸಕ್ಕೆ ಬರುವ ಸಂದೇಶಗಳು ಅವರ ಕೈಸೇರಬಹುದು.

ಪರಿಶೀಲನಾ ಕ್ರಮ

1. ಹಿಂದಿರುಗಿದ ಸಂದೇಶದ ದೋಷಸಂಖ್ಯೆ ಮತ್ತು ವಿಳಾಸದ ಪ್ರತಿಯೊಂದು ಅಕ್ಷರವನ್ನು ನೋಡುವುದು.
2. 'ಎನ್‌ಎಸ್‌ಲುಕಪ್' ಅಥವಾ 'ಡಿಗ್' ಆದೇಶದಿಂದ ಎಂಎಕ್ಸ್ ದಾಖಲೆಯನ್ನು ಕೇಳುವುದು.
3. ಬೇರೊಂದು ಡಿಎನ್‌ಎಸ್ ಸರ್ವರಿಗೆ ಅದೇ ಪ್ರಶ್ನೆ ಹಾಕುವುದು. ಅಲ್ಲಿ ಉತ್ತರ ದೊರೆತರೆ ದೋಷವು ಬಹುಶಃ ಕಳುಹಿಸುವವರ ಜಾಲದಲ್ಲಿದೆ. ಎಲ್ಲಿಯೂ ದೊರೆಯದಿದ್ದರೆ ಸ್ವೀಕರಿಸುವವರ ಡೊಮೇನಿನಲ್ಲಿದೆ.
4. ಡೊಮೇನ್ ನೋಂದಣಿಯ ಅವಧಿ ಮುಗಿದಿದೆಯೇ ಎಂದು 'ಹೂಈಸ್' ಸೇವೆಯಲ್ಲಿ ನೋಡುವುದು.

ದಾಖಲೆಯನ್ನು ತಿದ್ದಿದ ಕೂಡಲೇ ಫಲ ಕಾಣದಿರಬಹುದು. ಹಳೆಯ ಉತ್ತರವನ್ನು ಸಂಗ್ರಹಿಸಿಟ್ಟುಕೊಂಡ ಸರ್ವರ್‌ಗಳು, ದಾಖಲೆಯಲ್ಲಿ ನಮೂದಿಸಿದ ಟಿಟಿಎಲ್ ಅವಧಿ ಮುಗಿಯುವವರೆಗೆ ಅದನ್ನೇ ಬಳಸುತ್ತವೆ. 86,400 ಸೆಕೆಂಡುಗಳ ಟಿಟಿಎಲ್ ಎಂದರೆ ಒಂದು ದಿನ. ತುರ್ತು ದಾಖಲೆಯನ್ನು ಈ ಅವಧಿಯಲ್ಲಿ ಬೇರೆ ಮಾರ್ಗದಿಂದ ಕಳುಹಿಸುವುದು ಸೂಕ್ತ.